ಕನ್ಯೆ ನೋಡುವ ದಿನ ಕೆಳಗಿಳಿದ ಟಿವಿ

ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅಂದು ಬೆಳಿಗ್ಗೆ ಸೂಗಪ್ಪ ಒಂದು ಯುಗವನ್ನೇ ಮುಗಿಸಿಬಿಟ್ಟ! ಗೋಡೆಯ ಟಿವಿ ಬಿಚ್ಚಿ, ಹಳೇ ಚಾದರ ಸುತ್ತಿ, ಮಂಚದ ಕೆಳಗೆ ತಳ್ಳಿದ.

“ಈ ಡಬ್ಬಿ ಕಾಲ ಮುಗೀತು. ಎಲ್ಲಾ ಮೊಬೈಲ್‌ನ್ಯಾಗೇ ಅದ. ಇವತ್ತ ಮಗಳನ್ನ ನೋಡಾಕ ಬರಾಕತ್ತಾರ. ಮನುಷ್ಯಾರು ಮನುಷ್ಯಾರ ಜೋಡಿ ಮಾತಾಡ್ಬೇಕು.”

“ನೀವು ಮಾತಾಡ್ತೀರಿ ಅಂತಾನೇ ನನಗ ಅಂಜಿಕಿ,” ಎಂದಳು ಹೆಂಡತಿ ಗುರುದೇವಿ.

ಕುರಕುಂಟಾದಿಂದ ಕಲ್ಯಾಣಪ್ಪ, ಹೆಂಡತಿ ಶರಣಬಸಮ್ಮ, ಮಗ ಶಾಂತಕುಮಾರ ಬಂದರು. ಶರಣು ಶರಣಾರ್ಥಿ ಆಯಿತು, ಮಂಡಕ್ಕಿ ಸುಸಲಾ, ಮಿರ್ಚಿ ತಿಂದದ್ದಾಯಿತು. ಮಗಳು ಭಾಗ್ಯಶ್ರೀ ಚಹಾ ಕೊಟ್ಟು ಕುಳಿತಳು. ಹುಡುಗ ಒಂದು ಸಲ ನೋಡಿದ, ಕದ್ದು ಮತ್ತೊಂದು ಸಲ ನೋಡಿದ. ಅವಳಿಗೂ ಅವನು ಮನಸ್ಸಿಗೆ ಬಂದದ್ದು ಮುಖದಲ್ಲೇ ಇತ್ತು. ಅಷ್ಟಕ್ಕೆ ಎದ್ದಿದ್ದರೆ ಸಂಬಂಧ ಕೂಡಿಬಿಡುತ್ತಿತ್ತು. ಆದರೆ ಹಿರಿಯರು ಬಂದ ಮೇಲೆ ಒಂದಿಷ್ಟು ಹೊತ್ತು ಕೂರಲೇಬೇಕಲ್ಲ! ಎಲ್ಲರ ಮನೆಯಲ್ಲೂ ಆ ಹೊತ್ತಿನಲ್ಲಿ ಗಂಡಸರು ಟಿವಿಗೆ ಕಣ್ಣು ನೆಟ್ಟು, ಹ್ಞೂಂ ಹ್ಞೂಂ ಅನ್ನುತ್ತ ಮರ್ಯಾದೆ ಉಳಿಸಿಕೊಳ್ಳುತ್ತಾರೆ. ಇಲ್ಲಿ ನೋಡಲು ಇದ್ದದ್ದು ಖಾಲಿ ಗೋಡೆ. ಸೂಗಪ್ಪ ಮಾತಿಗಿಳಿದ.

“ತೊಗರಿ ಅಂದ್ರ ನಮ್ಮೂರು ಗುಂಡಗುರ್ತಿದು ನೋಡ್ರಿ. ಕುಕ್ಕರಿನ ಒಂದೇ ಸೀಟಿಗೆ ಬ್ಯಾಳಿ ಬೆಣ್ಣಿ ಆಗ್ತದ.”

“ನಮ್ಮ ಕುರಕುಂಟಾದ್ದು ಉಂಡಿಲ್ಲ ಕಾಣ್ತದ,” ಎಂದು ಕಲ್ಯಾಣಪ್ಪ ಕಪ್ಪು ಕೆಳಗಿಟ್ಟ.

“ಉಂಡೀನ್ರಿ. ಇನ್ನಾ ಹೊಟ್ಟ್ಯಾಗ ಕುದಿಯಾಕತ್ತದ.”

“ಶಾಂತೂ, ಏಳಪ್ಪ. ನಮ್ಮ ಬ್ಯಾಳಿ ಹಿಡಸಲಾರದವರ ಮಗಳು ನಮ್ಮ ಮನ್ಯಾಗ ಏನ್ ಉಣ್ತಾಳ?”

ಭಾಗ್ಯಶ್ರೀ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು. ತಾನಂದದ್ದು ಹೆಚ್ಚಾಯಿತು ಅಂತ ಸೂಗಪ್ಪನಿಗೂ ಅನಿಸಿತು. ಹಾಗಂತ ಗುಂಡಗುರ್ತಿಯನ್ನು ಬಿಟ್ಟುಕೊಡಲಾದೀತೆ? “ಇದ್ದದ್ದು ಅಂದೀನಿ,” ಎಂದ.

ಗುರುದೇವಿ ಮಂಚದ ಕೆಳಗಿನಿಂದ ಟಿವಿ ಎಳೆದು, ಸ್ಟೂಲಿನ ಮೇಲೆ ಗೋಡೆಗೆ ಆನಿಸಿ, ವೈರು ಚುಚ್ಚಿ ಹಚ್ಚಿಯೇಬಿಟ್ಟಳು. ಧಾರಾವಾಹಿಯಲ್ಲಿ ಅತ್ತೆಯೊಬ್ಬಳು ಸೊಸೆಯ ಹಾಲಿಗೆ ಏನೋ ಬೆರೆಸುತ್ತಿದ್ದಳು. ಚಪ್ಪಲಿಗೆ ಕಾಲು ಹಾಕಿದ್ದ ಕಲ್ಯಾಣಪ್ಪ ಹಾಗೇ ನಿಂತ. ಆಮೇಲೆ ಬಂದು ಕುಳಿತ.

“ಕುಡೀತಾಳೇನ್ರಿ ಅಕಿ?”

“ಇಲ್ರಿ, ಬೆಕ್ಕು ಚೆಲ್ತದ. ಮೊಬೈಲ್‌ನ್ಯಾಗ ಪ್ರೋಮೋ ನೋಡೀನಿ,” ಎನ್ನುತ್ತ ಸೂಗಪ್ಪನೂ ಪಕ್ಕದಲ್ಲಿ ಕುಳಿತ.

“ಇಂಥ ಅತ್ತಿ ಕೈ ಕಡೀಬೇಕು,” ಎಂದಳು ಶರಣಬಸಮ್ಮ. ಹುಡುಗನ ತಾಯಿಯ ಬಾಯಿಂದ ಈ ಮಾತು ಕೇಳಿ ಗುರುದೇವಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಜಾಹೀರಾತು ಬಂದು ಹೋಗುವಷ್ಟರಲ್ಲಿ ಹೆಂಗಸರಿಬ್ಬರೂ ಭಾಗ್ಯಶ್ರೀಯನ್ನು ಕರೆದು ಕೂರಿಸಿಕೊಂಡು, ಸಂಬಂಧ ಕೂಡಿಸಿ, ಬಾಯಿಗೆ ಸಕ್ಕರೆ ಹಾಕಿಯಾಗಿತ್ತು.

“ಅಕ್ಕಾ, ಒಂದೇ ಮಾತು,” ಎಂದಳು ಶರಣಬಸಮ್ಮ. “ಲಗ್ನದ ದಿನ ಮಂಟಪದಾಗೂ ಒಂದು ಟಿವಿ ಇಡ್ರಿ. ಈ ಬೀಗರಿಬ್ಬರನ್ನೂ ಅದರ ಮುಂದ ಕುಂದರ್ಸಿ, ನಾವು ಅಕ್ಕಿಕಾಳು ಹಾಕೋಣು.”

ಟಿವಿಯ ಕಾಲ ಮುಗಿಯಿತೆಂಬ ತನ್ನ ಮಾತಿನಿಂದ ಸೂಗಪ್ಪ ಕೂದಲೆಳೆಯಷ್ಟೂ ಹಿಂದೆ ಸರಿದಿರಲಿಲ್ಲ. ಅದನ್ನೇ ಹೇಳಲು ಬಾಯಿ ತೆರೆದ.

“ಸುಮ್ಮ ಕುಂದ್ರಿ ಬೀಗರ,” ಎಂದ ಕಲ್ಯಾಣಪ್ಪ, ಪರದೆಯಿಂದ ಕಣ್ಣು ತೆಗೆಯದೆ. “ಬೆಕ್ಕು ಬಂತು.”