ನನ್ನ ಆರ್‌ಪಿಎಂ, ಗುರುಮಲ್ಲಪ್ಪನವರ ಆಪ್ಟ್

ಸೋಲುವುದರಲ್ಲಿ ನನಗೆ ಅಂಥ ಬೇಸರವೇನಿಲ್ಲ. ನಾನು ಸೋತದ್ದನ್ನು ಗುರುಮಲ್ಲಪ್ಪನವರು ನೋಡಬಾರದು, ಅಷ್ಟೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾವಿಬ್ಬರೂ ಮೈಸೂರಿನ ಒಂದು ಕಾಲೇಜಿನಲ್ಲಿ ಮೇಷ್ಟರಾಗಿದ್ದೆವು; ನಾನು ಗಣಿತಕ್ಕೆ, ಅವರು ಭೌತಶಾಸ್ತ್ರಕ್ಕೆ. ಕಂಪ್ಯೂಟರನ್ನು ನಡೆಸುವ, ಪುಕ್ಕಟೆ ಸಿಗುವ ಲಿನಕ್ಸಿನ ಹುಚ್ಚು ಇಬ್ಬರಿಗೂ ಒಟ್ಟಿಗೇ ಹಿಡಿಯಿತು, ಆದರೆ ಬೇರೆ ಬೇರೆ ಬಗೆಯ ಲಿನಕ್ಸಿನದು. ನನ್ನದರಲ್ಲಿ ಹೊಸ ಪ್ರೋಗ್ರಾಂ ಹಾಕಲು ಆರ್‌ಪಿಎಂ ಎಂಬ ಆಜ್ಞೆ. ಅದು, ಇದಕ್ಕೆ ಇನ್ನೊಂದು ಪ್ಯಾಕೇಜು, ಅಂದರೆ ಪ್ರೋಗ್ರಾಮಿನ ಕಟ್ಟು, ಬೇಕು, ತಂದರೆ ಹಾಕುತ್ತೇನೆ ಎಂದು ಕೈಕಟ್ಟಿ ನಿಲ್ಲುತ್ತದೆ. ತರುವುದು ನಮ್ಮ ಕರ್ಮ. ಅವರದರಲ್ಲಿ ಆಪ್ಟ್. ಹೆಸರು ಹೇಳಿದರೆ ಸಾಕು, ಬೇಕಾದ್ದನ್ನೆಲ್ಲ ಅದೇ ಹುಡುಕಿ ಹಾಕಿಕೊಳ್ಳುತ್ತದೆ. ಅದು ಸೋಮಾರಿಗಳಿಗೆ ಎಂದು ನಾನು, ಇದು ಹಟಮಾರಿಗಳಿಗೆ ಎಂದು ಅವರು. ದಿನಾ ಇದನ್ನೇ ಕೇಳಲಾರದೆ ಸಂಸ್ಕೃತದ ಮೇಡಂ ತಮ್ಮ ಕುರ್ಚಿಯನ್ನು ಸ್ಟಾಫ್ ರೂಮಿನಿಂದ ಲೈಬ್ರರಿಗೇ ಸಾಗಿಸಿಬಿಟ್ಟರು.

ಲ್ಯಾಬಿನ ಹನ್ನೆರಡು ಕಂಪ್ಯೂಟರಿಗೂ ಕೊನೆಗೆ ನನ್ನ ಲಿನಕ್ಸೇ ಬಂತು. ವಾದದಲ್ಲಿ ಗೆದ್ದೆ ಅಂತಲ್ಲ, ಪ್ರಿನ್ಸಿಪಾಲರ ಕೋಣೆಗೆ ಮೊದಲು ಹೋದವನು ನಾನು. ಆ ವರ್ಷ ಒಂದು ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ, ಹೊರಗಿನ ಪರೀಕ್ಷಕರು ಬರುವವರಿದ್ದರು. ಗ್ರಾಫ್ ಬರೆಯುವ ಪ್ರೋಗ್ರಾಂ ಹಾಕುವುದನ್ನೇ ಮರೆತಿದ್ದೇನೆಂದು ಶನಿವಾರ ಬೆಳಿಗ್ಗೆ ಹೊಳೆಯಿತು. ಲ್ಯಾಬಿಗೆ ಇಂಟರ್ನೆಟ್ ಇರಲಿಲ್ಲ, ಇದ್ದದ್ದೆಲ್ಲ ಸಿಡಿಗಳಲ್ಲಿ. ಪ್ರೋಗ್ರಾಂ ಹಾಕಹೋದರೆ ಒಂದು ಪ್ಯಾಕೇಜು ಕೇಳಿತು. ಅದನ್ನು ಹಾಕಹೋದರೆ ಎರಡನೆಯದನ್ನು ಕೇಳಿತು. ಎರಡನೆಯದನ್ನು ಹಾಕಹೋದರೆ, ಮೊದಲನೆಯದು ಎಲ್ಲಿ ಎಂದು ಕೇಳಿತು. ಮಧ್ಯಾಹ್ನದವರೆಗೆ ನಾನು ಈ ಎರಡರ ನಡುವೆ ಓಡಾಡಿದೆ. ಲ್ಯಾಬಿನ ಸಹಾಯಕಿ ಗೌರಮ್ಮನವರು ಎರಡು ಸಲ ಏನೋ ಹೇಳಲು ಬಂದರು. ಟೈಪಿಂಗ್ ವಿಭಾಗದಿಂದ ವರ್ಗವಾಗಿ ಬಂದವರು, ಇವರಿಗೇನು ಗೊತ್ತು ಎಂದುಕೊಂಡು, ಆಮೇಲೆ ಹೇಳಿ ಎಂದೆ.

ಕೊನೆಗೆ ಮಾನ ಬಿಟ್ಟು ಮಂಡಿ ಮೊಹಲ್ಲಾದ ಗುರುಮಲ್ಲಪ್ಪನವರ ಮನೆಗೆ ಹೋದೆ. ಊಟಕ್ಕೆ ಕೂತಿದ್ದವರು ಕೈತೊಳೆದು, ತಮ್ಮ ಲಿನಕ್ಸಿನ ಸಿಡಿಗಳನ್ನು ಹಿಡಿದು ಹೊರಟರು. ಲ್ಯಾಬಿಗೆ ಬಂದಮೇಲೆ, "ಎಲ್ಲಾನೂ ಅಳಿಸ್ಬುಡೋಣ ಕಣ್ರೀ, ನಮ್ಮದು ಹಾಕೋಣ" ಎಂದರು.

ಒಂದು ಕಂಪ್ಯೂಟರನ್ನು ಅಳಿಸಿ ಅವರದನ್ನು ಹಾಕಿದೆವು. ಆಪ್ಟ್ ಬೇಕಾದ್ದನ್ನೆಲ್ಲ ಸೊಗಸಾಗಿ ಪಟ್ಟಿಮಾಡಿ, ಮೂರನೇ ಸಿಡಿ ಹಾಕಿ ಎಂದಿತು. ಮೂರನೆಯದು ಹೆಬ್ಬಾಳದ ಕಾರ್ಖಾನೆಯಲ್ಲಿದ್ದ ಅವರ ಭಾವಮೈದುನನ ಬಳಿ ಇತ್ತು. ಇಬ್ಬರೂ ಬಸ್ಸು ಹತ್ತಿ ಹೋಗಿ ಈಸಿಕೊಂಡೆವು. ವಾಪಸು ಬರುವಾಗ ಷಿಫ್ಟ್ ಬಿಟ್ಟವರ ನೂಕುನುಗ್ಗಲಿನಲ್ಲಿ ಅದು ನನ್ನ ಚೀಲದೊಳಗೇ ಎರಡು ಹೋಳಾಯಿತು.

ಲ್ಯಾಬಿಗೆ ಬಂದರೆ ಉಳಿದ ಹನ್ನೊಂದು ಪರದೆಗಳಲ್ಲೂ ಗ್ರಾಫು. ನಾನು ಎಲ್ಲದರಲ್ಲೂ ಲಾಗಿನ್ ಆಗಿಯೇ ಎದ್ದು ಹೋಗಿದ್ದೆ, ಗೌರಮ್ಮನವರು ಕೂತು ಮುಗಿಸಿಬಿಟ್ಟಿದ್ದರು. ಹೇಗೆ ಮಾಡಿದಿರಿ ಎಂದು ಕೇಳಿದೆ.

"ಅದು ಇಲ್ದೆ ಇದು ಬರಲ್ಲ, ಇದು ಇಲ್ದೆ ಅದು ಬರಲ್ಲ ಅಂತಿತ್ತಲ್ಲ ಸರ್. ಎರಡರ ಹೆಸರನ್ನೂ ಒಂದೇ ಸಾಲಲ್ಲಿ ಕೊಟ್ಟೆ. ಬಂದ್ಬುಟ್ವು. ಬೆಳಿಗ್ಗೆ ಅದನ್ನೇ ಹೇಳೋಕೆ ಬಂದಿದ್ದೆ."

ಸೋಮವಾರ ಆ ಹನ್ನೊಂದು ಕಂಪ್ಯೂಟರುಗಳಲ್ಲೇ ಪರೀಕ್ಷೆ ಸುಸೂತ್ರವಾಯಿತು. ಪರೀಕ್ಷಕರು ಮೆಚ್ಚಿ, ಇದನ್ನೆಲ್ಲ ಸಜ್ಜು ಮಾಡಿದವರು ಯಾರು ಎಂದು ಕೇಳಿದರು. ಗೌರಮ್ಮನವರು ಬಾಗಿಲ ಬಳಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದರು. ಗುರುಮಲ್ಲಪ್ಪನವರು ಬಾಯಿ ತೆರೆಯುವುದರೊಳಗೆ, ನಾವೇ ಸಾರ್ ಎಂದು ನಾನು ಅಂದುಬಿಟ್ಟೆ. ಆ ಬಹುವಚನದಲ್ಲಿ ಗೌರಮ್ಮನವರೂ ಸೇರಿದ್ದಾರೆಂದು ಆ ಕ್ಷಣ ನನ್ನನ್ನು ನಾನೇ ನಂಬಿಸಿಕೊಂಡೆ.

ಸಂಜೆ ತಡೆಯಲಾರದೆ ಗೌರಮ್ಮನವರ ಬಳಿ ಹೋಗಿ ತಪ್ಪಾಯಿತು ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ. ಪರವಾಗಿಲ್ಲ, ಆದರೆ ಕಂಪ್ಯೂಟರುಗಳಲ್ಲಿ ಪ್ರೋಗ್ರಾಂ ಹಾಕಲು ಬೇಕಾದ ಪಾಸ್‌ವರ್ಡನ್ನು ಮಾತ್ರ ಬದಲಾಯಿಸಿದ್ದೇನೆ ಎಂದರು. ಹೊಸದು ಏನೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಲ್ಲಿ ಕೆಲಸ ಮಾಡಿದಷ್ಟು ವರ್ಷವೂ ಏನಾದರೂ ಹಾಕಬೇಕಿದ್ದರೆ ಹೆಸರನ್ನು ಚೀಟಿಯಲ್ಲಿ ಬರೆದು ಗೌರಮ್ಮನವರಿಗೆ ಕೊಡುತ್ತಿದ್ದೆ. ಬೇಕಾದ್ದನ್ನೆಲ್ಲ ಅವರೇ ಹುಡುಕಿ ಹಾಕುತ್ತಿದ್ದರು. ಇದಕ್ಕಿಂತ ಸುಖವಾದ ವ್ಯವಸ್ಥೆ ಇಲ್ಲವೆಂದು ಈಗಲೂ ನನ್ನ ಅಭಿಪ್ರಾಯ. ಗುರುಮಲ್ಲಪ್ಪನವರಿಗೆ ಮಾತ್ರ ಹೇಳಿಲ್ಲ.