ಎಮ್ಮೆಯ ಮುಂದೆ ಓಡಿದ ಮಾವ

ನನ್ನ ಸೋದರಮಾವ ಗಂಭೀರ ಸಿನಿಮಾದಲ್ಲಿ ಅತ್ತರೆ ಇಡೀ ಬನಹಟ್ಟಿ ನಗುತ್ತದೆ. ಅಗ್ಗದ ಸಿನಿಮಾದಲ್ಲಿ ನಗಿಸಿದರೆ ನಮ್ಮ ಮನೆ ಮಾತ್ರ ಅಳುತ್ತದೆ. ಇಂಥ ಇನ್ನೊಬ್ಬ ಹಾಸ್ಯನಟ ಇದ್ದರೆ ತೋರಿಸಿ!

ಮಗ್ಗದ ಮನೆಯಲ್ಲಿ ಹುಟ್ಟಿದವನು, ಸೀರೆ ನೇಯುವುದು ಬಿಟ್ಟು ಸೀರೆ ಉಟ್ಟು ಹೆಸರು ಮಾಡಿದ. ಒಮ್ಮೆ ಮಾತ್ರ, ಸತ್ತ ಮಗನನ್ನು ಹೊತ್ತು ನಡೆಯುವ ಅಪ್ಪನ ಪಾತ್ರ ಸಿಕ್ಕಿತು. ನೋಡಲು ಮನೆಮಂದಿಯೆಲ್ಲ ಜಮಖಂಡಿಗೆ ಹೋದೆವು. ಪರದೆಯ ಮೇಲೆ ಮಾವನ ಮುಖ ಕಂಡದ್ದೇ ತಡ, ಥೇಟರಿನ ತುಂಬ ಸೀಟಿ. ಹಿಂದಿನ ಸಾಲಿನವನೊಬ್ಬ, “ತಡಿಯೋ, ಈಗ ಹೆಣಾನೂ ಕೆಡವತಾನ” ಎಂದ.

ಆ ಪಾತ್ರಕ್ಕೆ ಪ್ರಶಸ್ತಿ ಬಂತು. ಮಾವ ಮುಂದೇನು ಮಾಡಿದ? ಸೀರೆ ಉಟ್ಟು ಎಮ್ಮೆಯಿಂದ ತಪ್ಪಿಸಿಕೊಂಡು ಓಡುವ ಪಾತ್ರ ಒಪ್ಪಿಕೊಂಡ. “ಯಾಕೋ?” ಎಂದು ಅವ್ವ ಕೇಳಿದರೆ, “ಪ್ರಶಸ್ತಿ ಕೊಟ್ಟಾವ್ರು ಮತ್ತ ಕರೀಲಿಲ್ಲ ಅಕ್ಕಾ, ಎಮ್ಮಿ ಸಿನಿಮಾದವ್ರು ಕರದ್ರು” ಎಂದ.

ಅದು ಬಿಡುಗಡೆಯಾದ ವಾರವೇ ಅವನ ಮಗಳನ್ನು ನೋಡಲು ಚಿಮ್ಮಡದವರು ಬರಬೇಕೆ? ಹುಡುಗನ ತಂದೆ ಬಿಗಿ ಮುಖದ ಮನುಷ್ಯರು. ಮಾವನನ್ನೇ ದಿಟ್ಟಿಸಿ ಕೇಳಿದರು:

“ಎಮ್ಮಿ ಮುಂದ ಓಡಿದಾವ್ರು ನೀವೇ ಏನ್ರಿ?”

“ಹೌದ್ರಿ. ಎಮ್ಮಿ ಮಾತ್ರ ಡೂಪ್ ರಿ.”

ಅವರ ಬಾಯಲ್ಲಿದ್ದ ಚಹಾ ಅಂಗಿಯ ಮೇಲೆ ಬಂತು. ಸಂಬಂಧ ಅಲ್ಲೇ ಕುದುರಿತು.

ಮದುವೆ ಮುಗಿದ ಮೇಲೆ ಮಾವನ ದನಿ ಒಡೆಯತೊಡಗಿತು. ಬಾಗಲಕೋಟೆಯ ಡಾಕ್ಟರು ಗಂಟಲಲ್ಲಿ ಗಂಟು ಕಂಡು, ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎಂಟು ದಿನ ಮಾತಾಡಕೂಡದು ಎಂದರು. ಅವನ ಹೆಂಡತಿ, ಅಂದರೆ ನಮ್ಮ ಅತ್ತೆ, ಹೊತ್ತುಹೊತ್ತಿಗೆ ಗಂಜಿ ಮಾಡಿಕೊಡುತ್ತ ಓಡಾಡಿದರು. ಮಾವ ಮೂಲೆಯಲ್ಲಿ ಸುಮ್ಮನೆ ಕೂತ. ಅವನು ಸುಮ್ಮನಿದ್ದದ್ದನ್ನು ನಾವು ಅದಕ್ಕೂ ಮುಂಚೆ ಕಂಡವರೇ ಅಲ್ಲ.

ಒಂಬತ್ತನೆಯ ದಿನ ಮಾವ, ಅತ್ತೆ, ನಾನು ಮೂವರೂ ಮತ್ತೆ ಬಾಗಲಕೋಟೆಗೆ ಹೋದೆವು. ಡಾಕ್ಟರು ವರದಿ ನೋಡಿ, “ಸಾದಾ ಗಂಟ್ರಿ, ಅಂಜೂದೇನಿಲ್ಲ. ಇನ್ನ ಮೆಲ್ಲಗ ಮಾತಾಡ್ರಿ” ಎಂದರು. ಆದರೆ ಮಾವ ಬಾಯಿ ಬಿಡಲಿಲ್ಲ. ಬಸ್ಸು ಹತ್ತಿದ ಮೇಲೂ ಇಲ್ಲ. ಏನು ಹಾಸ್ಯ ಮಾಡುತ್ತಾನೋ ಎಂದು ಕಾದೇ ಕಾದೆ.

ಬೀಳಗಿ ಹತ್ತಿರ ಬಂದಾಗ ಅತ್ತೆಯ ಕಡೆ ತಿರುಗಿ, ಒಡಕು ದನಿಯಲ್ಲಿ ಹೇಳಿದ: “ಎಂಟು ದಿನ ಆತು, ನೀ ಹೊಟ್ಟಿ ತುಂಬ ಉಂಡಿಲ್ಲ. ಬೈಬೇಕಂದ್ರ ದನಿ ಇರಲಿಲ್ಲ ನನಗ.”

ಬೀಳಗಿಯಲ್ಲಿ ಇಳಿದು ಅತ್ತೆ ಎರಡು ಪ್ಲೇಟು ಉಪ್ಪಿಟ್ಟು ತಿಂದರು. ಮಾವ ಎದುರಿಗೆ ಕೂತು ಮೆಲ್ಲಗೆ ಬೈಯುತ್ತಲೇ ಇದ್ದ.