ಮರಳಿನ ಮೇಲೆ ನಾಲ್ಕು ಗೆರೆ

ಉಪ್ಪಿನ ಡಬ್ಬದ ಮುಚ್ಚಳ ಪಿಪೆಟ್ಟಪ್ಪನವರ ಬಲಗೈ ಕೊಯ್ದದ್ದು ಹಿಂದಿನ ಸಂಜೆ. ಮೂರು ಹೊಲಿಗೆ ಬಿದ್ದವು. "ಹತ್ತು ದಿನ ಈ ಕೈಗೆ ನೀರು ಸೋಕಿಸಬೇಡಿ" ಎಂದರು ಡಾಕ್ಟರು.

"ಉಪ್ಪುನೀರು?"

ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು. "ಗಾಯದ ಮೇಲೆ ಉಪ್ಪು ಅನ್ನೋದು ಬರೀ ಗಾದೆ ಅಂದ್ಕೊಂಡ್ರಾ ಯಜಮಾನರೇ?"

ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ದುಡಿದ ಅವರು ನಿವೃತ್ತರಾದ ಮೇಲೂ ಚಹಾಕ್ಕೆ ಹಾಲನ್ನು ಪಿಪೆಟ್ಟೆಂಬ ಅಳತೆಯ ಗಾಜಿನ ನಳಿಗೆಯಲ್ಲಿ ಅಳೆದೇ ಹಾಕುತ್ತಿದ್ದರು. ಕಟ್ಟಡದವರು ಆ ಹೆಸರಿಟ್ಟದ್ದು ಅದಕ್ಕೇ.

ಅವರ ಹಜಾರದಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ಬಿಳಿ ಮರಳು, ಎರಡು ಕಿತ್ತಳೆ ಪಟ್ಟೆಯ ಮೀನು, ದಿನವಿಡೀ ಬಾಯಿತುಂಬ ಮರಳು ತುಂಬಿಕೊಂಡು ಜಾಲಿಸಿ ಉಗುಳುವ ಇನ್ನೊಂದು ಮೀನು. ಎಲ್ಲ ಮಗನದ್ದು. ಪ್ರತಿ ಭಾನುವಾರ ಅವನು ಅಗಲ ಬಾಯಿಯ ಕೊಳವೆಯನ್ನು ಮರಳಿನ ಮೇಲ್ಪದರಕ್ಕೆ ತಾಗಿಸಿ ಕಂದು ಪಾಚಿಯನ್ನೂ ಕಸವನ್ನೂ ಬಕೆಟ್ಟಿಗೆ ಎಳೆಯುತ್ತಿದ್ದ. ಮುಗಿದ ಮೇಲೆ ಎಡಮೂಲೆಯ ಮರಳಿನ ಮೇಲೆ ನಾಲ್ಕು ಬೆರಳು ಎಳೆದು, "ಸಹಿ ಆಯ್ತು" ಎನ್ನುತ್ತಿದ್ದ. ಎಂಟು ತಿಂಗಳ ಹಿಂದೆ ಒಂದು ಭಾನುವಾರ ಹಾಗೆ ಸಹಿ ಹಾಕಿದವನು, ಸೋಮವಾರ ಕೆಲಸಕ್ಕೆ ಹೋಗುವ ದಾರಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಮೂವತ್ತಾರು ವಯಸ್ಸು.

ಸೊಸೆ ಆ ವಾರ ತೊಟ್ಟಿಯ ಮುಂದೆ ಕೂತು ಒಂದೇ ಮಾತು ಹೇಳಿದ್ದಳು: "ಇಷ್ಟಾದ್ರೂ ಉಳಿದಿದೆ ಅಲ್ವಾ ಮಾವ."

ಅದೂ ಉಳಿಯಲಿಲ್ಲ. ಹದಿನೈದು ದಿನಕ್ಕೆ ಮರಳು ಸಪಾಟಾಯಿತು. ಪಿಪೆಟ್ಟಪ್ಪನವರು ಸೊಸೆ ಏಳುವ ಮೊದಲೇ ತೋಳು ಮಡಚಿ, ತಮ್ಮ ಬೆರಳಿಂದಲೇ ನಾಲ್ಕು ಗೆರೆ ಎಳೆದರು. ಅಪ್ಪ ಮಗ ಇಬ್ಬರ ಕೈಯೂ ಒಂದೇ ಅಚ್ಚು. ಕಿರುಬೆರಳಿನ ಸೊಟ್ಟ ಕೂಡ. ಮರುದಿನ ನೋಡಿದರೆ ಮತ್ತೆ ಸಪಾಟು. ಮತ್ತೆ ಎಳೆದರು. ಅಂದಿನಿಂದ ಇದೇ ಅವರ ಬೆಳಗು.

ವಿಜ್ಞಾನ ಓದಿದ ತಲೆ ಸುಮ್ಮನಿರುತ್ತದೆಯೇ? ಮೊದಲು ಮರಳು ಜಾಲಿಸುವ ಮೀನಿನ ಮೇಲೆ ಗುಮಾನಿ ಬಂತು. ಅದನ್ನು ಒಂದು ವಾರ ಬೇರೆ ಜಾಡಿಯಲ್ಲಿಟ್ಟರು. ಗೆರೆ ಅಳಿಸುವುದು ನಿಲ್ಲಲಿಲ್ಲ. ಪಂಪಿನ ಮೂತಿ ತಿರುಗಿಸಿದರು. ಆಗಲೂ ನಿಲ್ಲಲಿಲ್ಲ. 'ಕಾರಣ ತಿಳಿದಿಲ್ಲ' ಎಂದು ಬರೆದು ತಮ್ಮ ಟಿಪ್ಪಣಿ ಪುಸ್ತಕ ಮುಚ್ಚಿಟ್ಟರು.

ಕಳೆದ ತಿಂಗಳು ಸೊಸೆಗೆ ಕಾಗದ ಬಂತು. ಅವಳು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಅವಳ ತಾಯಿಯ ಊರಿನ ದೊಡ್ಡ ಗ್ರಂಥಾಲಯಕ್ಕೆ ಬಡ್ತಿಯ ಮೇಲೆ ವರ್ಗ. ಉತ್ತರ ಕೊಡಲು ಇವತ್ತೇ ಕೊನೆಯ ದಿನ. "ನೀವೂ ಬನ್ನಿ ಮಾವ" ಎಂದು ಕರೆದಿದ್ದಳು. "ತೊಟ್ಟಿ ಬಿಟ್ಟು ನಾನೆಲ್ಲಿ ಬರಲಮ್ಮ" ಎಂದಿದ್ದರು ಇವರು. ಹೋಗಬೇಡ ಎನ್ನುವ ಧೈರ್ಯ ಇರಲಿಲ್ಲ. ಗೆರೆ ಇರುವವರೆಗೆ ಅವಳು ಹೋಗಲಾರಳು ಎಂಬ ನಂಬಿಕೆ ಮಾತ್ರ ಇತ್ತು. ಇದು ಮೋಸವೆಂದು ಗೊತ್ತಿತ್ತು. ಆದರೆ ಮೋಸದ ಪ್ರಮಾಣ ದಿನಕ್ಕೆ ನಾಲ್ಕೇ ಗೆರೆ ಎಂದು ಅಳೆದು ಸಮಾಧಾನಪಟ್ಟುಕೊಂಡಿದ್ದರು.

ಅಂಥ ದಿನವೇ ಕೈಗೆ ಬ್ಯಾಂಡೇಜು.

ಸೊಸೆ ಎದ್ದವಳು ತೊಟ್ಟಿಯ ದೀಪವನ್ನೂ ಹಾಕದೆ ಚೀಲ ಹಿಡಿದಳು. "ತರಕಾರಿ ತರ್ತೀನಿ ಮಾವ. ಒಂದು ಗಂಟೆ."

ಬಾಗಿಲು ಮುಚ್ಚಿದ್ದೇ ತಡ, ಪಿಪೆಟ್ಟಪ್ಪನವರು ಎಡಗೈ ಇಳಿಸಿದರು. ಗೆರೆಯೇನೋ ಬಂತು, ಕಿರುಬೆರಳಿನ ಸೊಟ್ಟ ಮಾತ್ರ ಆಚೆ ಬದಿಗೆ, ಕನ್ನಡಿಯಲ್ಲಿ ಕಂಡ ಹಾಗೆ. ಅಳಿಸಿದರು. ಬಲಗೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಎಳೆದರು. ಎಮ್ಮೆ ಹೊರಳಿದ ಗುರುತು ಬಿತ್ತು. ಅದನ್ನೂ ಅಳಿಸಿ, ಕೆಳಗಿನ ಮನೆಯ ಟೈಲರ್‌ನನ್ನು ಕೂಗಿದರು.

ಟೈಲರ್ ವಿಷಯ ಕೇಳಿ ಒಂದು ಕ್ಷಣ ತಲೆ ತಗ್ಗಿಸಿದ. ಆಮೇಲೆ ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು ಮೇಜಿನ ಮೇಲಿಟ್ಟ. "ಗೆರೆ ಎಳೆಯೋದೇ ನನ್ನ ಕಸುಬು ಸಾರ್. ಯಾರಿಗೂ ಹೇಳಲ್ಲ."

"ಮೇಲಿನ ಅರ್ಧ ಅಂಗುಲ ಮಾತ್ರ. ಅಡಿಯಲ್ಲಿ ಕೊಳೆತಿರೋದು ಮೀನಿಗೆ ವಿಷ, ಕೆದಕಬಾರದು. ಮಗ ಯಾವಾಗಲೂ ಹೇಳ್ತಿದ್ದ."

ಟೈಲರ್ ಬೆರಳುಗಳು ಸೂಜಿಯಂಥವು. ಎಳೆದು ಕೈ ತೆಗೆದ. ಪಿಪೆಟ್ಟಪ್ಪ ಗಾಜಿಗೆ ಮೂಗು ಒತ್ತಿ ನೋಡಿದರು. "ಇದು ಗುಬ್ಬಿ ನಡೆದುಹೋದ ಹಾಗಿದೆ ಕಣಯ್ಯ."

"ಹಾಗಾದ್ರೆ ದಪ್ಪ ಕೈ ಬೇಕು" ಎಂದು ಟೈಲರ್ ಬಾಗಿಲಿಗೆ ಹೋಗಿ, ಯಾರಿಗೂ ಹೇಳದವನು, ಇಡೀ ಮೆಟ್ಟಿಲಿಗೆ ಕೇಳುವಂತೆ ಕೂಗಿದ: "ಡ್ರಿಲ್ ಮಾಸ್ತರೇ! ಬೆರಳು ತಗೊಂಡು ಬನ್ನಿ!"

ಮೇಲಿನ ಮನೆಯ ಡ್ರಿಲ್ ಮಾಸ್ತರು ನಿವೃತ್ತರಾಗಿ ಆರು ವರ್ಷವಾಗಿದ್ದರೂ ಕೊರಳಲ್ಲಿ ಸೀಟಿ ಇತ್ತು. ಎಲ್ಲ ಕೇಳಿ, ಕಣ್ಣೊರೆಸಿಕೊಂಡು, ಅಂಗಿ ಕಳಚಿದರು.

"ಅಂಗಿ ಯಾಕೆ?"

"ಅರೆಬರೆ ಕೆಲಸ ನಮ್ಮ ಹತ್ರ ಇಲ್ಲ." ಮೀನುಗಳಿಗೆ "ಹಿಂದೆ ಸರಿ!" ಎಂದು ಆಜ್ಞೆ ಕೊಟ್ಟು ತೋಳು ಇಳಿಸಿದರು.

ಕಿತ್ತಳೆ ಮೀನು ಬೆರಳುದ್ದದ್ದೇ. ಆದರೆ ತನ್ನ ಜಾಗಕ್ಕೆ ಬಂದವರನ್ನು ಬಿಡುವ ಜಾತಿಯಲ್ಲ. ಮಾಸ್ತರ ಹೆಬ್ಬೆರಳಿಗೆ ಬಾಯಿ ಹಾಕಿತು. ಮಾಸ್ತರು ಹಾವು ಕಚ್ಚಿದವರಂತೆ ಹೌಹಾರಿ ಮುಗ್ಗರಿಸಿದರು. ಕೈ ಮಣಿಕಟ್ಟಿನವರೆಗೆ ಮರಳಿನಲ್ಲಿ ಹೂತಿತು. ಅಡಿಯಲ್ಲಿದ್ದ ಕಪ್ಪು ಪದರ ಮೇಲೆದ್ದಿತು. ನೀರು ಅಕ್ಕಿ ತೊಳೆದ ಕಲಗಚ್ಚಾಯಿತು. ಕೊಳೆತ ಮೊಟ್ಟೆಯ ನಾತ ಹಜಾರ ತುಂಬಿತು.

"ಇದು ಯಾರ ಮನೇದಪ್ಪಾ?" ಎಂದು ಮೂಗು ಹಿಡಿದುಕೊಂಡೇ ಎದುರುಮನೆ ಅಜ್ಜಿ ಒಳಗೆ ಬಂದರು. ಮಾಸ್ತರ ಬರಿ ಮೈ ನೋಡಿ, "ಇವನಿಗೇನು, ಇಲ್ಲೇ ಸ್ನಾನವೇ?" ಎಂದರು.

"ಮೀನು! ಮೊದಲು ಮೀನು ತೆಗೀರಿ!" ಪಿಪೆಟ್ಟಪ್ಪನವರು ಕೂಗಿಕೊಂಡರು. "ಅವನ ಮೀನು. ಅದೂ ಹೋದ್ರೆ ಇನ್ನೇನಿದೆ ನನ್ನ ಹತ್ರ?"

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಸೋಸುವ ಜರಡಿ ಹಿಡಿದು ತೊಟ್ಟಿಗೆ ಕೈ ಹಾಕಿದರು. ಒಳ್ಳೆಯ ಉಪ್ಪುನೀರು ಬೆರೆಸಿಟ್ಟಿದ್ದ ಬಕೆಟ್ಟನ್ನು ಟೈಲರ್ ಎತ್ತಿ ತಂದ. ಮೂರು ಮೀನೂ ಬದುಕಿಕೊಂಡವು. ಆಮೇಲೂ ಗೆರೆಯ ಹಟ ಬಿಡದೆ, ವಿಷಯ ತಿಳಿದ ಅಜ್ಜಿಯೂ ಸೇರಿ ಮೂವರೂ ಒಟ್ಟಿಗೆ ತೋಳು ಇಳಿಸಿ ಕಲಗಚ್ಚಿನಲ್ಲಿ ತಡಕಾಡತೊಡಗಿದರು. "ಎಡಕ್ಕೆ!" "ಅದು ನನ್ನ ಕೈ!" "ನಿನ್ನ ಕೈ ಯಾಕೆ ಇಷ್ಟು ತಣ್ಣಗಿದೆಯೋ?" "ಅಜ್ಜಿ, ಅದು ಪಂಪು!"

"ಮಾವ."

ಸೊಸೆ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ನಾನು ಸುಮ್ಮನೆ ನೋಡೋಕೆ ಬಂದೆ ಮಗಾ" ಎಂದರು ಅಜ್ಜಿ, ಭುಜದವರೆಗೆ ಒದ್ದೆಯಾಗಿ.

ಅವಳು ನಕ್ಕಳು. ಎಂಟು ತಿಂಗಳಲ್ಲಿ ಮೊದಲ ಸಲ. ನಗುತ್ತ ಕಣ್ಣೊರೆಸಿಕೊಂಡು, ಮಾವನನ್ನು ಅಡುಗೆಮನೆಗೆ ಕರೆದು ಬಾಗಿಲು ಒರಗಿಸಿದಳು.

"ಗೆರೆ ನೀವೇ ಎಳೀತಿದ್ರಿ ಅಂತ ನನಗೆ ಮೊದಲಿಂದ ಗೊತ್ತು ಮಾವ."

ಪಿಪೆಟ್ಟಪ್ಪನವರು ಬ್ಯಾಂಡೇಜು ನೋಡಿಕೊಂಡರು.

"ಅವರು ಹೋದ ಮೇಲೆ ಹದಿನೈದು ದಿನ ನೀವು ಹಾಸಿಗೆ ಬಿಟ್ಟು ಏಳಲಿಲ್ಲ. ಮರಳು ಸಪಾಟಾದ ದಿನ ಎದ್ರಿ. ಗೆರೆ ಎಳೆದ್ರಿ, ಮುಖ ತೊಳೆದ್ರಿ, ಚಹಾ ಮಾಡಿದ್ರಿ. ಅವತ್ತಿಂದ ದಿನಾ ಸಂಜೆ ನೀವು ವಾಕಿಂಗ್ ಹೋದಾಗ ಚಮಚದ ಬೆನ್ನಲ್ಲಿ ನಾನೇ ಅಳಿಸಿ ಇಡ್ತಿದ್ದೆ. ಬೆಳಿಗ್ಗೆ ಏಳೋಕೆ ನಿಮಗೊಂದು ಕೆಲಸ ಇರಲಿ ಅಂತ. ನಿನ್ನೆ ಅಳಿಸಿದ ಮೇಲೆ ನಿಮ್ಮ ಕೈಗೆ ಹೀಗಾಯ್ತು. ನಿಮ್ಮ ಪರದಾಟ ನೋಡಲಾರದೆ ಹೊರಗೆ ಹೋದೆ."

"ಹಾಗಾದ್ರೆ ಆ ಮೀನನ್ನ ಒಂದು ವಾರ ಸುಮ್ಸುಮ್ನೆ ಜೈಲಿಗೆ ಹಾಕಿದ್ನಾ?"

"ನಾನು ದಿನಾ ಕ್ಷಮೆ ಕೇಳ್ತಿದ್ದೆ ಅದರ ಹತ್ರ." ಅವಳು ತರಕಾರಿ ಚೀಲದಿಂದ ಮಡಚಿದ ಕಾಗದ ತೆಗೆದಳು. "ನಾನು ಹೋದ್ರೆ ನಿಮ್ಮನ್ನ ಬೆಳಿಗ್ಗೆ ಯಾರು ಎಬ್ಬಿಸ್ತಾರೆ ಅಂತ, ಬರಲ್ಲ ಅಂತ್ಲೇ ಬರೆದಿಟ್ಟಿದ್ದೆ."

ಪಿಪೆಟ್ಟಪ್ಪನವರ ಎದೆ ಹಗುರಾಯಿತು. "ಹಂಗಾದ್ರೆ..."

"ಸ್ವಲ್ಪ ಹೊತ್ತಿನ ಮುಂಚೆ ಬಂದು ನೋಡ್ತೀನಿ, ಮೂರು ಮನೆಯವರು ತೋಳು ಮಡಚಿ ನಿಂತಿದ್ದಾರೆ. ನಿಮಗೆ ಯಾರೂ ಇಲ್ಲ ಅಂತ ಅಂದ್ಕೊಂಡಿದ್ದೆ ಮಾವ. ಎಂಥ ದಡ್ಡಿ ನಾನು! ಹಾಗೇ ಮೆಟ್ಟಿಲು ಇಳಿದು, ಬರ್ತೀನಿ ಅಂತ ಆ ಗ್ರಂಥಾಲಯಕ್ಕೆ ಫೋನ್ ಮಾಡಿ, ಮತ್ತೆ ಹತ್ತಿ ಬಂದೆ. ಒಂದನೇ ತಾರೀಕು ಸೇರಬೇಕು." ಮಾವನ ಮುಖ ನೋಡಿದಳು. "ಸರೀನಾ?"

ಟೈಲರ್ ಈ ಮನೆಯೊಳಗೆ ಕಾಲಿಟ್ಟದ್ದು ಇವತ್ತೇ ಮೊದಲು, ಮಾಸ್ತರಿಗೆ ತಮ್ಮ ನಿಜವಾದ ಹೆಸರೂ ಗೊತ್ತಿಲ್ಲ ಎಂದು ಪಿಪೆಟ್ಟಪ್ಪನವರು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎಂಟು ತಿಂಗಳು ಬಿಗಿದುಕೊಂಡಿದ್ದ ಅವಳ ಭುಜಗಳು ಆಗಲೇ ಸಡಿಲಗೊಂಡಿದ್ದವು.

"ಸರಿ ಮಗಳೇ" ಎಂದರು.

ಹಜಾರದಲ್ಲಿ ಮೂವರೂ ಕೈ ಒರೆಸಿಕೊಳ್ಳುತ್ತ ಕಾದಿದ್ದರು. ಡ್ರಿಲ್ ಮಾಸ್ತರು ಹತ್ತಿರ ಬಂದು ಪಿಸುಗುಟ್ಟಿದರು. "ಮಗು ನಕ್ಕಿದ್ದು ನೋಡಿದ್ರಾ? ಇನ್ನು ಎಲ್ಲಿಗೂ ಹೋಗಲ್ಲ, ಬರೆದಿಟ್ಕೊಳ್ಳಿ. ಎಲ್ಲಾ ನಮ್ಮ ಕೈಗುಣ!"

"ಹೌದು ಮಾಸ್ತರೇ" ಎಂದರು ಪಿಪೆಟ್ಟಪ್ಪ. "ನಿಮ್ಮೆಲ್ಲರ ಉಪಕಾರ."

"ನಾಳೆ ಗೆರೆ ಎಳೆಯೋಕೆ ಎಷ್ಟು ಹೊತ್ತಿಗೆ ಬರಲಿ ಸಾರ್?" ಎಂದು ಕೇಳಿದ ಟೈಲರ್.

ಅಡುಗೆಮನೆಯಲ್ಲಿ ಅವಳು ಏನೋ ಗುನುಗುತ್ತ ತರಕಾರಿ ತೊಳೆಯುತ್ತಿದ್ದಳು. ಪಿಪೆಟ್ಟಪ್ಪನವರು ಸ್ವಲ್ಪ ಹೊತ್ತು ಅದನ್ನೇ ಕೇಳಿಸಿಕೊಂಡರು.

"ಐದೂವರೆಗೆ ಬಾಪ್ಪ" ಎಂದರು.